ಇಳಿಜಾರಿನಲ್ಲಿ ಹಳದಿ ದೀಪ

ಇಳಿಜಾರು ಶುರುವಾಗುವಲ್ಲಿ ಸ್ಟೀರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿಕೊಂಡಿತು: ಪುಟ್ಟ ಕಾರು, ಅದರ ಕೆಳಗೆ ಹಾವಿನಂತೆ ಹೊರಳಿದ ಎರಡು ಗೆರೆ. ಮಳೆ ಆಗಷ್ಟೇ ನಿಂತು ರಸ್ತೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ, ಇದೇನು ಹೊಸ ದೀಪ ಎಂದು ಕೇಳಿದಳು.

ಗಂಡ ಅರ್ಧ ಆಯುಷ್ಯವನ್ನು ಬಾಡಿಗೆ ಕಾರು ಓಡಿಸುತ್ತಲೇ ಕಳೆದವನು. ಕಾರಿನ ಮಾತು ಬಂದರೆ ಅವನ ಬಾಯಿಗೆ ಬೀಗವಿಲ್ಲ. ಅದು ಟ್ರ್ಯಾಕ್ಷನ್ ಕಂಟ್ರೋಲ್, ಚಕ್ರ ಜಾರಿ ಸುಮ್ಮನೆ ತಿರುಗತೊಡಗಿದರೆ ಕಾರು ತಾನೇ ಎಂಜಿನ್ನಿನ ಕಿವಿ ಹಿಂಡಿ ಹಿಡಿತಕ್ಕೆ ತರುತ್ತದೆ ಎಂದ. ದೀಪ ಮಿಣುಕಿದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ, ನಾವು ಕಾಲು ಸಡಿಲಿಸಿದರೆ ಸಾಕು. ಮಿಣುಕದೆ ಹಾಗೇ ಉರಿದರೆ ಅದೇ ಕೆಟ್ಟು ಕೂತಿದೆ, ಹುಷಾರಾಗಿ ಹೋಗಿ ಗ್ಯಾರೇಜಿಗೆ ತೋರಿಸಬೇಕು. ಹಳದಿ ಬರೀ ಬುದ್ಧಿಮಾತು. ಕೆಂಪು ಬಂದರೆ ಮಾತ್ರ ಅಲ್ಲೇ ನಿಲ್ಲಿಸಬೇಕು. ಇಷ್ಟು ಹೇಳಿ ಕೇಳಿದ:

"ಈಗ ಮಿಣುಕ್ತಿದ್ಯಾ, ಹಾಗೇ ಉರೀತಿದ್ಯಾ?"

ದೀಪ ಅವನ ಮೂಗಿನ ಕೆಳಗೇ ಇತ್ತು.

ಹಾಗೇ ಉರಿಯುತ್ತಿದೆ ಎಂದಳು. ಕೆಲವು ತಿಂಗಳಿಂದ ಅವನು ಬೆಳಗಿನ ಪತ್ರಿಕೆಯನ್ನು ಅವಳ ಕೈಗೆ ಕೊಟ್ಟು, ನೀನೇ ಓದು, ನಿನ್ನ ದನಿಯಲ್ಲಿ ಕೇಳೋಕೆ ಚೆಂದ ಎನ್ನುತ್ತಿದ್ದ. ವಯಸ್ಸಾದ ಮೇಲೆ ಚಿಗುರಿದ ಪ್ರೀತಿ ಎಂದು ತಂಗಿಯ ಹತ್ತಿರ ಹೇಳಿಕೊಂಡು ನಕ್ಕಿದ್ದಳು ಕೂಡ. ಈಗ ದೀಪ ಬಿಟ್ಟು ಅವನ ಕಣ್ಣನ್ನೇ ನೋಡಿದಳು.

"ಕೆಂಪೂ ಬಂತು ನೋಡಿ," ಎಂದಳು ಮೆಲ್ಲಗೆ. "ಎಣ್ಣೆ ಕ್ಯಾನಿನ ಚಿತ್ರದ್ದು."

ಅವನು ತಲೆ ಬಗ್ಗಿಸಿ ದೀಪಗಳತ್ತ ನೋಡಿದ. "ಹೌದು, ಬಂದಿದೆ," ಎಂದು ಕಾರನ್ನು ರಸ್ತೆಯಂಚಿಗೆ ತಂದು ಎಂಜಿನ್ ಆರಿಸಿದ.

"ಕೆಂಪು ಬಂದೇ ಇಲ್ಲ," ಎಂದಳು ಅವಳು.

ಅವನು ಸ್ಟೀರಿಂಗ್ ಹಿಡಿದುಕೊಂಡೇ ತಡೆತಡೆದು ಹೇಳಿದ. ನೇರ ನೋಡಿದ್ದೆಲ್ಲ ಗಾಜಿನ ಮೇಲೆ ಹೆಬ್ಬೆರಳು ಒತ್ತಿದ ಹಾಗೆ ಮಸುಕು. ಅಂಚಿನಲ್ಲಿ ಕಾಣುತ್ತದೆ, ಆ ಅಂಚನ್ನೇ ನಂಬಿ ಓಡಿಸುತ್ತಿದ್ದಾನೆ. ಡಾಕ್ಟರು ಕಾರು ಬಿಟ್ಟುಬಿಡಿ ಅಂದಿದ್ದಾರೆ.

"ಬಿಟ್ಟು ಏನ್ ಮಾಡ್ಲಿ? ನಂಗೆ ಬೇರೇನ್ ಬರತ್ತೆ?"

"ನಿನ್ನೆ ಆ ಬಾಣಂತೀನ, ಕೂಸನ್ನ ಕೂರಿಸ್ಕೊಂಡು ಹೋದ್ರಲ್ಲ."

ಅವನು ಸ್ಟೀರಿಂಗಿನಿಂದ ಕೈ ತೆಗೆದ.

ಅವಳು ಇಳಿದು, ಸುತ್ತು ಹಾಕಿ ಬಂದು ಅವನ ಬಾಗಿಲು ತೆರೆದಳು. ಅವಳಿಗೆ ಕಾರು ಕಲಿಸಿ ಲೈಸೆನ್ಸ್ ಮಾಡಿಸಿದವನು ಅವನೇ. ಹಾಗಂತ ಊರಾಚೆ ಒಮ್ಮೆಯೂ ಸ್ಟೀರಿಂಗ್ ಬಿಟ್ಟುಕೊಟ್ಟವನಲ್ಲ. ಅವನು ಇಳಿದ, ಬಾನೆಟ್ಟಿನ ಮೇಲೆ ಕೈಯೂರುತ್ತ ಆಚೆ ಬದಿಗೆ ಹೋಗಿ ಕೂತ. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೀ ತಿರುಗಿಸಿದಳು. ದೀಪಗಳೆಲ್ಲ ಒಮ್ಮೆ ಹೊತ್ತಿ ಆರಿದವು, ಹಳದಿಯೊಂದು ಉಳಿಯಿತು.

"ಎರಡನೇ ಗೇರಲ್ಲೇ ಹೋಗು," ಎಂದ ಅವನು. "ಬ್ರೇಕ್ ಒಮ್ಮೆಲೇ ಒತ್ಬೇಡ, ಜಾರತ್ತೆ."

ಗೊತ್ತು ಎನ್ನಲು ಹೊರಟವಳು ಹೂಂ ಎಂದಳು.

ಮೊದಲ ತಿರುವಿನಲ್ಲಿ ಕಾರು ಮೆತ್ತಗೆ ಹೊರಳಿತು. ಪಕ್ಕದ ಸೀಟಿನ ಮುಂದೆ ಅವನ ಬಲಗಾಲು, ಏನೂ ಇಲ್ಲದ ರಬ್ಬರ್ ಹಾಸನ್ನು ಗಟ್ಟಿಯಾಗಿ ಒತ್ತಿ, ನಿಧಾನಕ್ಕೆ ಸಡಿಲಾಯಿತು.