ಹೂತ ಹತ್ತಿಯ ಪಾಲು

"ತುಳಿಸ್ಲಾ! ಹತ್ತಿ ಮ್ಯಾಲೇ ತುಳಿಸು ಅಂದ್ರೆ ಕಿವಿ ಕೇಳಾಕಿಲ್ವೇನ್ಲಾ ಕರಿ ಬಡ್ಡೀಮಗನೆ? ನಿನ್ ಹೇಸರಗತ್ತೆಗಿಂತ ನೀನೇ ದೊಡ್ಡ ಕತ್ತೆ!"

ಬಿಳಿ ಮೇಸ್ತ್ರಿ ಕುದುರೆಯ ಮೇಲಿಂದಲೇ ಚಾಟಿ ಬೀಸಿದ. ಅರ್ಧ ಏಟು ಹೇಸರಗತ್ತೆಗೆ, ಇನ್ನರ್ಧ ನೇಗಿಲು ಹಿಡಿದ ಒಜೆಲನ ಹೆಗಲಿಗೆ ಬಿತ್ತು. ಹೇಸರಗತ್ತೆ ಕದಲಲಿಲ್ಲ. ಹೇಗೆ ಕದಲೀತು? ಹತ್ತಿ ಸಾಲಿನ ಮೇಲೆ ಕಾಲಿಟ್ಟರೆ ಇದೇ ಚಾಟಿಯಲ್ಲಿ ಬಾರಿಸಿ, ಸಾಲುಗಳ ನಡುವೆಯೇ ನಡೆಯುವುದನ್ನು ಮರಿಯಿದ್ದಾಗಿನಿಂದ ಕಲಿಸಿದ್ದರು. ಈಗ ತುಳಿಯಲಿಲ್ಲವೆಂದು ಹೊಡೆತ.

ಅಮೆರಿಕದ ಮಿಸಿಸಿಪ್ಪಿ ಬಯಲಿನ ೧೯೩೩ರ ಆಗಸ್ಟ್ ಬಿಸಿಲು. ಕಾಯಿ ಕಟ್ಟಿದ ಹತ್ತಿ ಸೊಂಟದ ಮಟ್ಟಕ್ಕೆ ನಿಂತಿತ್ತು. ಹತ್ತಿ ಹೆಚ್ಚಾಗಿ ಬೆಲೆ ಬಿದ್ದಿದೆ, ಒಂದಿಷ್ಟನ್ನು ಉತ್ತು ಮಣ್ಣುಮಾಡಿ, ಎಕರೆಗೆ ಇಷ್ಟು ಅಂತ ಡಾಲರು ಕೊಡುತ್ತೇವೆ ಎಂದು ಸರ್ಕಾರ ಹೇಳಿತ್ತು. ನೆಲದ ಧಣಿ ಹಾಲ್ಸೆಲ್, ಒಜೆಲನಂತೆ ಅರೆಪಾಲಿಗೆ ಉಳುವವರ ಹೊಲಗಳನ್ನೇ ಆರಿಸಿ ಕೊಟ್ಟ. ಅವನ ಸ್ವಂತ ಹೊಲದ ಒಂದು ಗಿಡವೂ ಅಲುಗಲಿಲ್ಲ.

ಕೊನೆಗೆ ಒಜೆಲನ ಹೆಂಡತಿ ವರ್ಸಿ ಮುಸುಕಿನ ಜೋಳದ ತೆನೆ ತೋರಿಸುತ್ತಾ, ಗಿಡಗಳನ್ನು ತಾನೇ ತುಳಿಯುತ್ತಾ ಹೇಸರಗತ್ತೆಯ ಮುಂದೆ ನಡೆದಳು. ಬೇಸಿಗೆಯಿಡೀ ಸೊಂಟ ಮುರಿದು ಕಳೆ ತೆಗೆದ ಗಿಡ! ಹಸಿಕಾಯಿ ಅವಳ ಕಾಲಡಿ ಪಟಪಟನೆ ಒಡೆಯಿತು.

"ಹೋಗ್ಲಿ ಬುಡಮ್ಮಿ," ಅಂದ ಒಜೆಲ್. "ದುಡ್ಡಲ್ಲಿ ಅರ್ಧ ನಮ್ದಲ್ವಾ? ಚಳಿಗಾಲಕ್ಕೆ ಹಿಟ್ಟು, ಮಕ್ಕಳ ಕಾಲ್ಗೆ ಬೂಟು ಆಯ್ತದೆ."

ಚೆಕ್ಕು ಬಂದದ್ದು ನವೆಂಬರಿನಲ್ಲಿ. ಧಣಿ ಗಂಡಹೆಂಡಿರನ್ನು ತನ್ನ ಅಂಗಡಿಯ ಹಿಂದಿನ ಕೋಣೆಗೆ ಕರೆಸಿದ. ಕೌಂಟಿಯ ಕೃಷಿ ಅಧಿಕಾರಿ ಧಣಿಯ ಕಾಫಿ ಹೀರುತ್ತಾ ಅಲ್ಲೇ ಕೂತಿದ್ದ. ಚೆಕ್ಕಿನ ಮೇಲೆ ಧಣಿಯ ಹೆಸರಿನ ಜೊತೆ ಒಜೆಲನ ಹೆಸರೂ ಇತ್ತು. ಅವನ ಗುರುತು ಬೀಳದೆ ಬ್ಯಾಂಕು ಕಾಸು ಬಿಚ್ಚುತ್ತಿರಲಿಲ್ಲ.

"ಇಲ್ಲೊಂದು ಗೀಟು ಎಳ್ದು ನಡೀಲಾ."

"ನಮ್ ಪಾಲು, ಧಣಿ?" ಒಜೆಲ್ ಟೋಪಿ ಹಿಸುಕುತ್ತಾ ಕೇಳಿದ.

"ಯಾವ್ ಪಾಲ್ಲಾ? ಸರ್ಕಾರ ಕೊಡಾದು ರೈತ್ರಿಗೆ. ನೆಲ ನಂದು, ರೈತ ನಾನು. ನೀನ್ಯಾವನು?"

ವರ್ಸಿಗೆ ತಡೆಯಲಾಗಲಿಲ್ಲ. "ಮಾರಿದ್ ಹತ್ತೀಲಿ ಅರ್ಧ ನಮ್ದು. ಹೂತಿದ್ರಲ್ಲೂ ಅರ್ಧ ನಮ್ದೇ ಅಲ್ವಾ ಧಣಿ?"

"ಹಂಗಾದ್ರೆ ಹೋಗಿ ಮಣ್ಣಾಗೆ ಅಗೆದ್ಕೋ ಹೋಗೇ!"

ಅಧಿಕಾರಿ ಕಾಫಿ ಚೆಲ್ಲುವಂತೆ ನಕ್ಕ. ಧಣಿಗೆ ಇನ್ನೂ ಹುರುಪು ಬಂತು. "ಗೀಟು ಹಾಕು. ಹಾಕಿ, ಕ್ರಿಸ್‌ಮಸ್ ಒಳಗೆ ಗುಡಿಸ್ಲು ಖಾಲಿ ಮಾಡ್ರಿ. ಬರೋ ವರ್ಷ ಹತ್ತಿ ಕಮ್ಮಿ, ನೀವು ಬ್ಯಾಡ."

ಒಜೆಲ್ ಪೆನ್ನು ಎತ್ತಿಕೊಂಡ. ಅಯ್ಯೋ, ಹಾಕೇಬಿಡುತ್ತಾನಲ್ಲ ಈ ಮಂಕ! ವರ್ಸಿ ಚೆಕ್ಕನ್ನು ಫಕ್ಕನೆ ಕಿತ್ತು ಮುದುರಿ, ಬಾಯಿಗೆ ತುರುಕಿಕೊಂಡು ಅಗಿಯತೊಡಗಿದಳು.

"ಉಗುಳೇ! ಉಗುಳೇ ಸೂಳೆ!" ಧಣಿ ಎದ್ದು ಬಂದು ಅವಳ ದವಡೆ ಅದುಮಿ, ಬಾಯಿಗೆ ಬೆರಳು ತೂರಿಸಿದ. ಅವಳು ಆ ಬೆರಳನ್ನೂ ಕಚ್ಚಿದಳು. ಧಣಿ ಕಿರುಚಿ ಕೈ ಎಳೆದುಕೊಂಡ. ವರ್ಸಿ ನುಂಗಿದಳು.

"ನಮ್ಮರ್ಧ ನಮ್ ಹೊಟ್ಟೇಲೈತೆ ಧಣಿ," ಅಂದಳು. "ನಿಮ್ಮರ್ಧ ಬೇಕಂದ್ರೆ ನಾಳೆ ಬೆಳಿಗ್ಗೆ ನಮ್ ಗುಡಿಸ್ಲು ಹಿಂದ್ಗಡೆ ಬಂದು ಅಗೆದ್ಕಳಿ."

ಅಧಿಕಾರಿಯ ನಗು ನಿಂತಿತು. ಧಣಿ ರಕ್ತ ಸೋರುವ ಕೈಯಲ್ಲೇ, ಪಿಸ್ತೂಲು ಇರುತ್ತಿದ್ದ ಮೇಜಿನ ಖಾನೆ ಎಳೆದ. ಒಜೆಲ್ ಪೆನ್ನು ಕೆಳಗಿಟ್ಟು, ಹೆಂಡತಿಯ ಮುಂದೆ ಬಂದು ನಿಂತ.