ಏಳರ ಮಗ್ಗಿಯ ಬೀಗರು

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಗೆಯಾಡತೊಡಗಿದ ವರ್ಷ ಮಳವಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಬಂದ ವೇದವತಿಗೆ ಎಲ್ಲದಕ್ಕೂ ಭಯ. ಹಲ್ಲಿ ಲೊಚಗುಟ್ಟಿದರೂ ಕೆಲಸ ಹೋಯಿತೆಂದುಕೊಳ್ಳುವಳು. ಈಗ ಮಾತ್ರ ಕಾರಣವಿತ್ತು. ಮೂರನೆಯ ತರಗತಿಯ ಚಿಕ್ಕಮಾದಮ್ಮ ತಾಯಿ ಸತ್ತಾಗಿನಿಂದ ಬಾಯಿ ಬಿಟ್ಟಿರಲಿಲ್ಲ.

ಅಜ್ಜಿ ದೇವಿರಮ್ಮ ಬಂದು ಹೇಳಿಹೋಗಿದ್ದಳು: "ಮೂಗಿಗ್ಯಾಕವ್ವ ಮಗ್ಗಿ? ಇನ್ಸ್‌ಪೆಕ್ಟ್ರು ಬಂದಾಗ ಏಳರ ಮಗ್ಗಿ ಒಪ್ಪಿಸಿದ್ರೆ ಸರಿ. ಇಲ್ದಿದ್ರೆ ಆಡು ಕಾಯಕ್ಕೆ ಕರ್ಕೊಂಡೋಯ್ತೀನಿ. ಆಡು ಮಗ್ಗಿ ಕೇಳಕಿಲ್ಲ."

ಒಂದು ಮಧ್ಯಾಹ್ನ ಹುಡುಗಿ ಶಾಲೆಯ ಹಿಂದೆ ಕೂತು ಗುನುಗುವುದು ವೇದವತಿಯ ಕಿವಿಗೆ ಬಿತ್ತು. ಬೀಗರ ಪದ! ಮದುವೆಯೂಟದಲ್ಲಿ ಗಂಡಿನ ಕಡೆಯವರ ಮಾನ ಹರಾಜು ಹಾಕುವ ಹಾಡು. ಅದರಲ್ಲಿ ದೇವಿರಮ್ಮನನ್ನೂ ಸತ್ತ ಮಗಳನ್ನೂ ಮೀರಿಸುವವರಿರಲಿಲ್ಲ. ಮಗಳು ಹೋದಮೇಲೆ ಆ ಮನೆಯಲ್ಲಿ ಹಾಡೂ ಇಲ್ಲ, ಬೈಗುಳವೂ ಇಲ್ಲ.

"ಆ ರಾಗಕ್ಕೆ ಮಗ್ಗಿ ಹೊಂದಿಸು ನೋಡೋಣ" ಎಂದು ವೇದವತಿ ಅತ್ತಿತ್ತ ನೋಡಿ ಪಿಸುಗುಟ್ಟಿದಳು.

"ಬಯ್ಬೋದಾ ಅಮ್ಮಾವ್ರೆ?" ಹುಡುಗಿ ಕೊನೆಗೂ ಬಾಯಿ ಬಿಟ್ಟಳು.

"ಲೆಕ್ಕ ತಪ್ಪದ ಹಾಗೆ ಬಯ್ಯಿ."

ಹುಡುಗಿ ಕಾಗೆಯನ್ನು ಬೈದಳು, ಸ್ಲೇಟನ್ನು ಬೈದಳು. ಯಮನನ್ನು ಬೈದ ದಿನ ಬಿಕ್ಕಿಬಿಕ್ಕಿ ಅತ್ತು, ರಾತ್ರಿ ಹೊಟ್ಟೆ ತುಂಬ ಮುದ್ದೆ ಉಂಡಳಂತೆ.

ಇನ್ಸ್‌ಪೆಕ್ಟರು ಬಂದರು, ಮೊದಲು ಹೊಟ್ಟೆ, ಹಿಂದೆ ಅವರು. ಬೀಗರ ಪದಕ್ಕೆ ಎದುರಿಗೆ ಕೂತ ದೊಡ್ಡವರ ಹೆಸರು ಸೇರಿಸದಿದ್ದರೆ ಅವರಿಗೇ ಅವಮಾನ ಎಂಬುದನ್ನು ವೇದವತಿ ಮರೆತೇಬಿಟ್ಟಿದ್ದಳು.

"ಏಳರ ಮಗ್ಗಿ ಹೇಳಮ್ಮ."

"ತಮ್ಮೆಸ್ರೇನು ಸ್ವಾಮಿ?"

"ಪಾರ್ಥಸಾರಥಿ. ಯಾಕೆ?"

ಚಿಕ್ಕಮಾದಮ್ಮ ಗಂಟಲು ಸರಿಮಾಡಿಕೊಂಡಳು.

"ಏಳೊಂದ್ಲ ಏಳು ಮುದ್ದೆ ಎಲೆಗಿಕ್ಕಿದ್ರೆ
ಮೂಸ್ನೋಡಿ ನುಂಗವ್ರೆ ಪಾರ್ಥಸಾರಥಿ!
ಏಳೆರಡ್ಲ ಹದ್ನಾಕು ಮುಗಿಯೋಕ್ ಮುಂಚೆ
ಪಂಚೆ ಸಡ್ಲ ಮಾಡವ್ರೆ ಪಾರ್ಥಸಾರಥಿ!"

ವೇದವತಿ ಮನಸ್ಸಿನಲ್ಲೇ ರಾಜೀನಾಮೆ ಬರೆದು ಸಹಿ ಹಾಕಿದಳು. ಮೊಮ್ಮಗಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ದೇವಿರಮ್ಮನಿಗೆ ಬಾಯಿ ತಡೆಯಲಿಲ್ಲ.

"ರಾಗ ಎಳೀ ಕಣಮ್ಮಿ! ಬೀಗ್ರಿಗೆ ನಾಟ್ಬೇಕು!" ಎಂದವಳೇ ತಾನೂ ದನಿಗೂಡಿಸಿದಳು. ಮಗಳು ಸತ್ತಮೇಲೆ ಅವಳು ಹಾಡಿದ್ದು ಅದೇ ಮೊದಲು. ದನಿ ನಡುಗುತ್ತಿತ್ತು, ಬೈಗುಳ ನಡುಗಲಿಲ್ಲ. ಏಳ್ಹತ್ಲ ಎಪ್ಪತ್ತರ ಹೊತ್ತಿಗೆ ಇನ್ಸ್‌ಪೆಕ್ಟರ ಮೈಮೇಲೆ ಪಂಚೆಯೇ ಉಳಿದಿರಲಿಲ್ಲ, ಹಾಡಿನಲ್ಲಿ.

ಬೈಸಿಕೊಂಡ ಬೀಗ ಸಿಟ್ಟಾಗುವಂತಿಲ್ಲ. ಪಾರ್ಥಸಾರಥಿಯವರು ಮೆಲ್ಲಗೆ ಸೊಂಟ ಮುಟ್ಟಿ ನೋಡಿಕೊಂಡರು.

"ಲೆಕ್ಕ ಸರಿಯಿದೆ" ಎಂದರು. "ಎಂಟರದ್ದು?"

"ಅದಿನ್ನೂ ಕಟ್ಟಿಲ್ಲ ಸ್ವಾಮಿ."

"ನಾಳೆಯಿಂದ ಕಟ್ತಾಳೆ, ಬುಡಿ" ಎಂದಳು ದೇವಿರಮ್ಮ, ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು. "ಬಯ್ಯಕ್ಕೆ ಯಾರ್ನ ಇಡ್ಕೊಳಾನಮ್ಮಿ?"

ಚಿಕ್ಕಮಾದಮ್ಮ ತಿರುಗಿ ವೇದವತಿಯನ್ನು ನೆತ್ತಿಯಿಂದ ಅಂಗುಷ್ಠದವರೆಗೆ ಸಾವಕಾಶವಾಗಿ ನೋಡಿದಳು.