ಫೋನಕ್ಕನ ಕೈಗಳು

ಹೋದ ಸಲ ಸೋಂಕಿನ ಜ್ವರ ಬಂದಾಗ ಆಸ್ಪತ್ರೆಯವರು ಪುಟ್ಟನ ಎರಡೂ ಕೈಗಳನ್ನು ಒಂದರ ಮೇಲೊಂದಿಟ್ಟು ಮಂಚದ ಸರಳಿಗೆ ಕಟ್ಟಿದ್ದರು. ಬ್ಯಾಂಡೇಜು ಬಟ್ಟೆಯಿಂದ, ಮಣಿಕಟ್ಟಿನ ಸುತ್ತ, ಬಿಗಿಯಾಗಿ — ಮಣಿಕಟ್ಟು, ಈಗ ನನ್ನದೇ ಮಣಿಕಟ್ಟು ಕ್ಯಾಮೆರಾದ ಕೆಳಗೆ, ಹಸಿರು ಮೇಜುಬಟ್ಟೆಯ ಮೇಲೆ ಬಿದ್ದುಕೊಂಡಿದೆ, ಕಿಟಕಿಯ ಬಿಸಿಲಲ್ಲಿ ನರವೊಂದು ಅದುರುತ್ತಿದೆ, ಪಕ್ಕದಲ್ಲಿ ನಮ್ಮ ಆರೈಕೆ ಕಚೇರಿಯವರು ಕಳಿಸಿದ, ಕೈ ಕಟ್ಟುವ ನೀಲಿ ಪಟ್ಟಿ, ಮೆತ್ತಗಿದೆ, ಒಳಗೆ ಹತ್ತಿ ತುಂಬಿದ್ದಾರೆ, ಎಂಥ ಕಾಳಜಿ ನೋಡು, ಕಟ್ಟುವುದಕ್ಕೂ ಹತ್ತಿ. ಪರದೆಯ ಆ ಕಡೆ ಪುಟ್ಟ ಇನ್ನೂ ಬಂದು ಕೂತಿಲ್ಲ, ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಅವನ ಅಮ್ಮನ ಟವೆಲು, ಒಳಕೋಣೆಯಿಂದ ಕೆಮ್ಮು — ಪುಟ್ಟ ಅಂದರೆ ಪುಟ್ಟವನೇನಲ್ಲ, ಗಡ್ಡ ಬಂದ ಆಳು, ಬಾಗಿಲಲ್ಲಿ ನಿಂತರೆ ಕೋಣೆ ಕತ್ತಲಾಗುತ್ತದೆ, ಅಮ್ಮನಿಗೆ ಪುಟ್ಟ, ಆಮೇಲೆ ನನಗೂ. ಆಟಿಸಂ, ಮಾತಿಲ್ಲ, ಮುಖ ನೋಡುವುದಿಲ್ಲ, ಊರೆಲ್ಲ ಬಾಗಿಲು ಹಾಕಿದೆ, ಅವನು ಹಗಲು ಹೋಗಿ ಕೂರುತ್ತಿದ್ದ ಕೇಂದ್ರವೂ ಮುಚ್ಚಿದೆ, ನೀವು ಫೋನಿನಲ್ಲೇ ಏನಾದರೂ ಮಾಡಿ, ಎಂದಿದ್ದರು ಕಚೇರಿಯ ಮೇಡಂ. ಏನಾದರೂ. ಮುಖ ತೋರಿಸಿದರೆ ಎದ್ದು ಹೋಗುತ್ತಿದ್ದ, ಹಾಡು ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ, ಒಂದು ದಿನ ನನ್ನ ಫೋನಿನ ಸ್ಟ್ಯಾಂಡು ಮುಂದಕ್ಕೆ ಬಾಗಿ ಬರೀ ಕೈಗಳು ಕಂಡವು, ಆಗ ಬಂದು ಕೂತ. ಅಂದಿನಿಂದ ಆ ಮನೆಯಲ್ಲಿ ನನಗೆ ಮುಖವಿಲ್ಲ. ನಾನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಅವನು ಅಲ್ಲಿಂದ ತಟ್ಟಬೇಕು, ಬಂದೆಯಾ, ಬಂದೆ, ಅಷ್ಟಾದ ಮೇಲೆಯೇ ಉಳಿದದ್ದು. ಫೋನಕ್ಕ ಎಂದು ಹೆಸರಿಟ್ಟವಳು ಅವನ ಅಮ್ಮ, ಫೋನಕ್ಕ, ಉಗುರು ಕತ್ತರಿಸ್ಕೊಳ್ಳಿ, ನನ್ನ ಮಗ ಅದನ್ನೂ ಕಲಿತುಬಿಟ್ಟಾನು — ತಮಾಷೆಯಲ್ಲ, ನನ್ನ ಬೆರಳು ಕೊಯ್ದು ಪ್ಲಾಸ್ಟರು ಸುತ್ತಿಕೊಂಡು ಕೂತ ದಿನ ಅವನೂ ಅದೇ ಬೆರಳನ್ನು ಅಮ್ಮನ ಮುಂದೆ ಹಿಡಿದು ಪ್ಲಾಸ್ಟರು ಬೇಕೆಂದು ಹಟ ಮಾಡಿದ, ನನ್ನ ಗಾಯ ವಾಸಿಯಾಗಿ ನಾನು ಕಿತ್ತ ಮೇಲೆಯೇ ಅವನೂ ಕಿತ್ತದ್ದು. ನನ್ನ ಕೈ ಏನು ಮಾಡಿದರೂ ಅವನ ಕೈ ಮಾಡುತ್ತದೆ. ಬಟ್ಟೆ ಮಡಿಸಿದೆ, ಮಡಿಸಿದ, ಮಾಸ್ಕು ಕಟ್ಟಿಕೊಳ್ಳುವುದು ತೋರಿಸಿದೆ, ಕಟ್ಟಿಕೊಂಡ. ಅವನೂ ನನಗೆ ಕಲಿಸಿದ, ಗಂಟಲು ಸವರಿದರೆ ನೀರು, ಅಂಗೈ ಬೀಸಿದರೆ ಖುಷಿ, ತೊಡೆಗೆ ಬಡಿದರೆ ಅಮ್ಮ. ಅಮ್ಮ ಎಲ್ಲಿ. ಅಮ್ಮ ಬೇಕು.

ತೊಡೆಗೆ ಬಡಿದುಕೊಂಡ, ಅದಕ್ಕೇ ಕಟ್ಟಿದರು. ವಾರ್ಡಿನ ಬಾಗಿಲಲ್ಲಿ ಅಮ್ಮನನ್ನು ತಡೆದರು, ಜೊತೆಯವರಿಗೆ ಪ್ರವೇಶವಿಲ್ಲ, ಅವನೊಬ್ಬನೇ ಒಳಗೆ, ಸುತ್ತ ಮುಖವಿಲ್ಲದ ಬಿಳಿ ಬಟ್ಟೆಗಳು, ತೊಡೆಗೆ ಬಡಿದ, ಯಾರೂ ಕರೆತರಲಿಲ್ಲ, ಜೋರಾಗಿ ಬಡಿದ. ಫೋನು ಅವನೆದುರು ಹಿಡಿಯಿರಿ, ನನ್ನ ಕೈ ಕಂಡರೆ ಸುಮ್ಮನಾಗುತ್ತಾನೆ ಎಂದು ನಾನು ಇಲ್ಲಿಂದ ಬೇಡಿದ್ದೆ, ಕೊನೆಗೊಬ್ಬಳು ನರ್ಸಮ್ಮ ಹಿಡಿದಳು, ಪಾಪ ಅವಳಿಗೂ ನಿದ್ದೆಗೆಟ್ಟ ದನಿ, ಇಡೀ ವಾರ್ಡಿಗೆ ನಾವಿಬ್ಬರೇ ಇದ್ದೀವಿ, ಏನು ಮಾಡೋಣ ನೀವೇ ಹೇಳಿ ಎಂದಳು, ನನಗೆ ಸರಳು ಕಂಡಿತು, ಬಟ್ಟೆ ಕಂಡಿತು, ನಾನು ತಟ್ಟಿದೆ, ಬಂದೆಯಾ, ಬಂದೆಯಾ, ಅವನ ಬೆರಳುಗಳು ಗಾಳಿಯಲ್ಲಿ ಅಲ್ಲಾಡಿದವು, ತಟ್ಟಲು ಏನೂ ಸಿಗಲಿಲ್ಲ. ಬಾಯಲ್ಲಿ ಮಾತಾಡುವವನ ಬಾಯಿಗೆ ಬಟ್ಟೆ ತುರುಕಿದರೆ ಅದನ್ನು ಅಪರಾಧ ಅನ್ನುತ್ತಾರೆ, ಕೈಯಲ್ಲಿ ಮಾತಾಡುವವನ ಕೈ ಕಟ್ಟಿದರೆ ಅದಕ್ಕೆ ಸುರಕ್ಷತೆ ಎಂದು ಹೆಸರು, ಮೇಡಂ ಅದಕ್ಕೊಂದು ಗಾದಿ ಹಾಕಿ ಬೆಂಬಲ ಎಂದೂ ಸೇರಿಸುತ್ತಾರೆ, ಸುರಕ್ಷತಾ ಬೆಂಬಲ. ಜ್ವರ ಬಿಟ್ಟಿತು, ಮನೆಗೆ ಬಂದ, ಗುಣವಾಯಿತು ಎಂದು ಎಲ್ಲರೂ ಅಂದರು. ಮನೆಗೆ ಬಂದವನು ತಟ್ಟಲಿಲ್ಲ. ನೀರಿಗೂ ಗಂಟಲು ಸವರಲಿಲ್ಲ, ಬಾಯಾರಿ ಸುಮ್ಮನೆ ಕೂರುತ್ತಿದ್ದ, ಕೈಗಳು ತೊಡೆಯ ಮೇಲೆ, ಯಾರೋ ಮರೆತು ಇಟ್ಟುಹೋದ ಹಾಗೆ. ಅಮ್ಮ ಒಂದು ದಿನ ನಗುತ್ತಲೇ ಹೇಳಿದಳು, ನೋಡಿ ಫೋನಕ್ಕ, ನಾನು ಟವೆಲ್ ಕೊಡವಿದ್ರೆ ಸಾಕು, ಕೈ ಮೇಲೆ ಕೈ ಇಟ್ಟು ಮುಂದಕ್ಕೆ ಚಾಚ್ತಾನೆ, ಮಹಾರಾಯ, ನಾನೇನು ನಿನ್ನ ಹಿಡಿಯೋಕೆ ಬಂದ ಪೊಲೀಸಾ ಅಂತ ಬೈದೆ — ನಗು ಅಲ್ಲಿಗೇ ನಿಂತಿತ್ತು, ಬಳಿಕ ಬಹಳ ಹೊತ್ತು ಬರೀ ಟವೆಲು ಕಾಣುತ್ತಿತ್ತು, ಮುಖಕ್ಕೆ ಒತ್ತಿಕೊಂಡ ಟವೆಲು. ಮಣಿಕಟ್ಟಿನ ಮೇಲೆ ಮಣಿಕಟ್ಟು.

ಈಗ ಮತ್ತೆ ಜ್ವರ. ನಿನ್ನೆಯಿಂದ ಉಸಿರು ಮೇಲೆ ಮೇಲೆ, ಮಧ್ಯಾಹ್ನ ಆಂಬುಲೆನ್ಸು ಬರುತ್ತದೆ, ಈ ಸಲ ವಾರ್ಡಿನವರು ಮೊದಲೇ ಹೇಳಿದ್ದಾರಂತೆ, ಗಲಾಟೆ ಮಾಡುವವರನ್ನು ಸೇರಿಸಿಕೊಳ್ಳುವುದು ಕಷ್ಟ ಎಂದು. ಮೇಡಂ ಪರದೆಯ ಮೂಲೆಯಲ್ಲಿದ್ದಾರೆ, ಕ್ಯಾಮೆರಾ ತೆರೆದಿಲ್ಲ, ಒಂದು ಕಪ್ಪು ಚೌಕ, ಅದರೊಳಗಿಂದ ಬೆಣ್ಣೆಯಂಥ ದನಿ, ನೀವು ಮೊದಲು ನಿಮ್ಮ ಕೈಗೆ ಪಟ್ಟಿ ಹಾಕಿ ತೋರಿಸಿ, ಅವನು ನಿಮ್ಮನ್ನ ನೋಡಿ ಕಲೀತಾನಲ್ವಾ, ಮನೆಯಲ್ಲೇ ಅಭ್ಯಾಸ ಆದ್ರೆ ಅಲ್ಲಿ ಯಾರಿಗೂ ತೊಂದರೆ ಇರೋದಿಲ್ಲ. ಯಾರಿಗೂ. ಅಮ್ಮನನ್ನು ಒಳಗೆ ಬಿಡಿಸಿ ಎಂದೆ, ವಾರ್ಡಿನವರು ಹಾಕುವಂಥ ಒಂದು ಬಿಳಿ ಅಂಗಿ ಒಂದು ಮಾಸ್ಕು ಕೊಟ್ಟರೆ ಆಯಿತಲ್ಲ, ಅವಳು ಪಕ್ಕದಲ್ಲಿದ್ದರೆ ಪಟ್ಟಿಯೇ ಬೇಡ ಎಂದೆ, ಅದು ನಮ್ಮ ಕೈಯಲ್ಲಿಲ್ಲ ಎಂದರು, ಅವರ ಕೈಯಲ್ಲಿ ಇರುವುದೆಲ್ಲ ಈ ನೀಲಿ ಪಟ್ಟಿ, ಅದನ್ನೂ ನನ್ನ ಕೈಗೆ ದಾಟಿಸಿದ್ದಾರೆ. ಅಮ್ಮನೂ ಬೆಳಗ್ಗೆ ಅದನ್ನೇ ಕೇಳಿದಳು, ಅದು ಎದೆಯಲ್ಲಿ ಮುಳ್ಳಾಗಿ ಕೂತಿದೆ, ಕಲಿಸಿಬಿಡಿ ಫೋನಕ್ಕ, ಕಟ್ಟಿದ್ರೂ ಕಟ್ಲಿ, ಉಸಿರಿದ್ರೆ ಸಾಕು ನಂಗೆ. ಹೆತ್ತವಳ ಬಾಯಿಂದ ಆ ಮಾತು ಬರುವ ತನಕ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೀರಲ್ಲ, ಯಾರನ್ನು ಕೇಳಲಿ ನಾನು, ಕಪ್ಪು ಚೌಕವನ್ನೇ — ಬಂದ. ಬಂದ, ಅಮ್ಮನ ಭುಜ ಹಿಡಿದು, ಕುರ್ಚಿ ಕಿರುಗುಟ್ಟಿತು, ಎದೆ ಏರಿ ಇಳಿಯುವುದು ಇಲ್ಲಿಗೇ ಕಾಣುತ್ತದೆ. ತಟ್ಟುತ್ತೇನೆ. ಬಂದೆಯಾ. ಅವನ ಕಣ್ಣು ನನ್ನ ಕೈಗಳ ಮೇಲೆ, ಹಸಿರು ಬಟ್ಟೆಯ ಮೇಲೆ, ಪಟ್ಟಿಯ ಮೇಲೆ, ನಾನು ಇನ್ನೂ ಏನೂ ಮಾಡಿಲ್ಲ, ಏನೂ ತೋರಿಸಿಲ್ಲ, ಅವನ ಕೈಗಳು ತಾವಾಗಿ ಎದ್ದವು, ಒಂದರ ಮೇಲೊಂದು ಕೂತವು, ಪರದೆಯ ಹತ್ತಿರ ಬಂದವು, ನನ್ನತ್ತ, ಕಟ್ಟು ಎನ್ನುವ ಹಾಗೆ. ಇದು ನಾನು ಕಲಿಸಿದ್ದಲ್ಲ. ಪುಟ್ಟ, ಇದು ಈ ಕೈ ಕಲಿಸಿದ್ದಲ್ಲ. ಮೇಡಂ ಹೇಳುತ್ತಿದ್ದಾರೆ, ಅರೆ, ನೋಡಿ, ಅವನೇ ರೆಡಿ ಇದ್ದಾನೆ, ನೀವು ಹಾಕ್ಕೊಂಡು ತೋರಿಸಿಬಿಡಿ, ಬೇಗ. ಪಟ್ಟಿ ನೆಲಕ್ಕೆ ಬಿತ್ತು, ನಾನೇ ತಳ್ಳಿದೆ. ಇಲ್ಲ ಮೇಡಂ, ನಾನು ಹಾಕ್ಕೊಳ್ಳೋದಿಲ್ಲ. ಅವನಮ್ಮ ಅವನ ಜೊತೆ ಆಂಬುಲೆನ್ಸ್ ಹತ್ತಲಿ, ಜೊತೆಗೇ ಒಳಗೆ ಹೋಗಲಿ, ತಡೆದ್ರೆ ಆ ಬಾಗಿಲಲ್ಲೇ ಕೂರಲಿ, ನಾನೂ ಹೊರಟೆ, ಅವಳ ಪಕ್ಕ ಕೂರ್ತೀನಿ, ಆದ್ರೆ ಇದನ್ನ ಮಾತ್ರ ಈ ಕೈ ತೋರಿಸೋದಿಲ್ಲ. ಅಂಗೈ ಎರಡನ್ನೂ ದೂರ ದೂರ ಬಿಡಿಸಿ ಇಟ್ಟಿದ್ದೇನೆ, ನೋಡು ಪುಟ್ಟ, ಹೀಗೆ, ನನ್ನ ಹಾಗೆ, ಪ್ಲಾಸ್ಟರಿಗೆ ಹಟ ಮಾಡಿದೆಯಲ್ಲ ಹಾಗೆ, ಬಿಡಿಸು — ತಟ್ಟುತ್ತೇನೆ, ಬಂದೆಯಾ, ತಟ್ಟುತ್ತೇನೆ — ಪರದೆಯ ತುಂಬ ಮಣಿಕಟ್ಟಿನ ಮೇಲೆ ಮಣಿಕಟ್ಟು, ಅಲ್ಲಾಡದೆ, ಮಣಿಕಟ್ಟಿನ ಮೇಲೆ ಮಣಿಕಟ್ಟು